ಊಳಿಗಮಾನ್ಯದಲ್ಲಿ ಹೊಲ ಯಾರದ್ದು? ಒಡೆಯನದ್ದೋ, ಉತ್ತವನದ್ದೋ?

ಓದುಗರೊಬ್ಬರ ಪ್ರಶ್ನೆ ಹೀಗಿದೆ: "ಶಾಲೆಯಲ್ಲಿ ಊಳಿಗಮಾನ್ಯ ಪದ್ಧತಿ ಅಂತ ಪಾಠ ಇತ್ತು. ಪುಸ್ತಕದಲ್ಲಿ ಗೋಪುರದ ಥರ ಒಂದು ಚಿತ್ರ. ಮೇಲೆ ರಾಜ, ಕೆಳಗೆ ಪ್ರಭುಗಳು, ತಳದಲ್ಲಿ ರೈತ. ಪರೀಕ್ಷೆಗೆ ಬರೆದು ಮರೆತೆವು. ಈಗ ಅನುಮಾನ ಶುರುವಾಗಿದೆ. ಭೂಮಿ ನಿಜವಾಗಿ ಯಾರದ್ದು? ಹೊಲವನ್ನು ಹೇಗೆ ಹಂಚಿಕೊಂಡು ಉಳುತ್ತಿದ್ದರು? ಒಡೆಯನಿಗೆ ಕೋಪ ಬಂದರೆ ರೈತನನ್ನು ಎಬ್ಬಿಸಿ ಕಳಿಸಬಹುದಿತ್ತಾ? ನಮ್ಮ ಕಡೆಯ ಗೇಣಿ ಅಂದರೂ ಇದೇ ಅಲ್ವಾ?"

ಒಳ್ಳೆಯ ಪ್ರಶ್ನೆ. ಚುಟುಕು ಉತ್ತರ ಮೊದಲು ಹೇಳಿಬಿಡುತ್ತೇನೆ. ಈಗ ನಾವು ಸೈಟು ಕೊಂಡಾಗ "ಇದು ನಂದು" ಅನ್ನುತ್ತೇವಲ್ಲ, ಆ ಅರ್ಥದಲ್ಲಿ ಆಗ ಭೂಮಿ ಯಾರದ್ದೂ ಆಗಿರಲಿಲ್ಲ. ಒಂದೇ ತುಂಡು ಹೊಲದ ಮೇಲೆ ನಾಲ್ಕೈದು ಜನಕ್ಕೆ ನಾಲ್ಕೈದು ಬಗೆಯ ಹಕ್ಕು ಇರುತ್ತಿತ್ತು. ರೈತ ಊರು ಬಿಟ್ಟು ಹೋಗುವ ಹಾಗಿರಲಿಲ್ಲ, ನಿಜ. ಆದರೆ ಅವನನ್ನು ಹೊಲ ಬಿಡಿಸುವುದೂ ಸುಲಭ ಇರಲಿಲ್ಲ. ನಮ್ಮ ಕರಾವಳಿಯ ಚಾಲಗೇಣಿ ಒಕ್ಕಲಿನ, ಅಂದರೆ ಧಣಿ ಒಪ್ಪುವ ತನಕ ಮಾತ್ರ ಗೇಣಿಗೆ ಉಳುವವನ, ಪಾಡು ಇದಕ್ಕೆ ಪೂರ್ತಿ ಉಲ್ಟಾ. ಅವನು ಯಾವಾಗ ಬೇಕಾದರೂ ಹೋಗಬಹುದಿತ್ತು, ಅವನನ್ನು ಯಾವಾಗ ಬೇಕಾದರೂ ಕಳಿಸಬಹುದಿತ್ತು. ಈ ಒಂದು ವ್ಯತ್ಯಾಸ ಹಿಡಿದುಕೊಂಡರೆ ಉಳಿದದ್ದೆಲ್ಲ ತಾನಾಗಿ ಬಿಡಿಸಿಕೊಳ್ಳುತ್ತದೆ.

ಊಳಿಗಮಾನ್ಯ ಎಲ್ಲ ಕಡೆ ಒಂದೇ ಥರ ಇರಲಿಲ್ಲ. ಫ್ರಾನ್ಸಿನದು ಬೇರೆ, ಜಪಾನಿನದು ಇನ್ನೂ ಬೇರೆ. ಹಾಗಾಗಿ ನಾನು ಇಂಗ್ಲೆಂಡ್ ಒಂದನ್ನೇ ತೆಗೆದುಕೊಳ್ಳುತ್ತೇನೆ, ಅದರಲ್ಲೂ 1066ರಿಂದ 1350ರ ತನಕದ ಕಾಲ. ಅಲ್ಲಿನ ಹಳ್ಳಿಗಳ ಲೆಕ್ಕಪತ್ರ ಆಶ್ಚರ್ಯ ಆಗುವಷ್ಟು ಉಳಿದಿದೆ. ಯಾರ ಕೋಳಿ ಯಾರಿಗೆ ಹೋಯಿತು ಅನ್ನುವ ಮಟ್ಟದ ಲೆಕ್ಕ.

ಮೊದಲು ಪದದ ಬಗ್ಗೆ ಒಂದು ಮಾತು. "ಊಳಿಗಮಾನ್ಯ" ಅಂತ ಕನ್ನಡಕ್ಕೆ ತಂದವರು ತುಂಬಾ ಯೋಚಿಸಿ ತಂದಿದ್ದಾರೆ. ಊಳಿಗ ಅಂದರೆ ಸೇವೆ. ಮಾನ್ಯ ಅಂದರೆ ಸೇವೆಗೋ ಗೌರವಕ್ಕೋ ಬಿಟ್ಟುಕೊಟ್ಟ ಜಮೀನು. ಎರಡೂ ಸೇರಿದರೆ ಪದ್ಧತಿಯ ಅರ್ಧ ಅರ್ಥ ಅಲ್ಲೇ ಇದೆ. ಉಳಿದರ್ಧ ಇನ್ನೊಂದು ಕನ್ನಡ ಪದದಲ್ಲಿದೆ: ಹಿಡುವಳಿ. ಇಂಗ್ಲಿಷಿನ ಟೆನೆಂಟ್ ಅನ್ನುವ ಪದ ಬಂದಿದ್ದು ಲ್ಯಾಟಿನ್‌ನ "ಹಿಡಿ" ಅನ್ನುವ ಕ್ರಿಯಾಪದದಿಂದ. ಟೆನೆಂಟ್ ಅಂದರೆ ಹಿಡಿದವನು, ಅಷ್ಟೇ. ನಾವು ಹಿಡುವಳಿದಾರ ಅನ್ನುವುದೂ ಅದನ್ನೇ. ಆ ಕಾಲದ ಇಂಗ್ಲೆಂಡಿನಲ್ಲಿ ರಾಜನೊಬ್ಬನನ್ನು ಬಿಟ್ಟರೆ ಎಲ್ಲರೂ ಹಿಡುವಳಿದಾರರೇ. ಬ್ಯಾರನ್ ಅನ್ನಿಸಿಕೊಂಡ ದೊಡ್ಡ ಪ್ರಭು ಕೂಡ ಟೆನೆಂಟೇ. ಬಿಷಪ್ ಕೂಡ.

ಇದು ಹೇಗಾಯಿತು ಅಂದರೆ, 1066ರಲ್ಲಿ ನಾರ್ಮಂಡಿಯ ವಿಲಿಯಂ ಬಂದು ಇಂಗ್ಲೆಂಡ್ ಗೆದ್ದ. ಗೆದ್ದವನು ನೆಲವೆಲ್ಲ ತನ್ನದು ಅಂದ. ಆಮೇಲೆ ತನ್ನ ಜೊತೆ ಬಂದವರಿಗೆ ಹಂಚಿದ. ಹಂಚಿದ್ದು ಮಾರಿದ ಹಾಗಲ್ಲ, ದಾನ ಕೊಟ್ಟ ಹಾಗೂ ಅಲ್ಲ. "ನನ್ನಿಂದ ಹಿಡಿದುಕೋ, ಬದಲಿಗೆ ಯುದ್ಧಕ್ಕೆ ಇಷ್ಟು ಕುದುರೆ ಸವಾರರನ್ನು ಕಳಿಸು" ಅನ್ನುವ ಕರಾರು. ಸವಾರ ವರ್ಷಕ್ಕೆ 40 ದಿನ ತನ್ನ ಖರ್ಚಿನಲ್ಲೇ ಸೇವೆ ಮಾಡಬೇಕು ಅನ್ನುವುದು ರೂಢಿ. ಇಪ್ಪತ್ತು ವರ್ಷ ಆಗುತ್ತಾ ಬಂದಾಗ, 1085ರ ಕ್ರಿಸ್‌ಮಸ್ ಹೊತ್ತಿಗೆ, ಯಾರ ಕೈಲಿ ಎಷ್ಟಿದೆ ಅಂತ ಲೆಕ್ಕ ಹಾಕಲು ಹೇಳಿದ. 1086ರಲ್ಲಿ ನಡೆದ ಆ ಸರ್ವೆಯೇ ಡೂಮ್ಸ್‌ಡೇ ಪುಸ್ತಕ. ಎತ್ತು, ನೇಗಿಲು, ಗಿರಣಿ, ಹುಲ್ಲುಗಾವಲು, ಕಾಡಿನಲ್ಲಿ ಮೇಯುವ ಹಂದಿ, ಎಲ್ಲ ಬರೆದಿದ್ದಾರೆ. ಅದರ ಪ್ರಕಾರ ರಾಜನ ಕೈಲಿ ನೇರವಾಗಿ ಇದ್ದದ್ದು ಸುಮಾರು ಆರನೇ ಒಂದು ಪಾಲು, ಚರ್ಚಿನ ಕೈಲಿ ಕಾಲು ಪಾಲು. ಉಳಿದದ್ದರಲ್ಲಿ ಬಹುಪಾಲು ಇನ್ನೂರರ ಆಸುಪಾಸು ದೊಡ್ಡ ಪ್ರಭುಗಳ ಕೈಲಿ.

ಆ ಪ್ರಭುಗಳು ತಾವು ಹಿಡಿದದ್ದರಲ್ಲಿ ಒಂದಷ್ಟನ್ನು ತಮ್ಮ ಸವಾರರಿಗೆ ಕೊಟ್ಟರು, ಅವರು ಇನ್ನೊಬ್ಬರಿಗೆ. ಹೀಗೆ ಸರಪಳಿ ಉದ್ದ ಆಗುತ್ತಾ ಹೋಯಿತು. ಕೊನೆಗೆ ಯಾರು ಯಾರಿಗೆ ಏನು ಕೊಡಬೇಕು ಅನ್ನುವುದೇ ಗೋಜಲಾಗಿ, 1290ರಲ್ಲಿ ಕಾನೂನು ತಂದು ಸರಪಳಿಗೆ ಹೊಸ ಕೊಂಡಿ ಸೇರಿಸುವುದನ್ನು ನಿಲ್ಲಿಸಿದರು. ಜಮೀನು ಕೊಂಡವನು ಮಾರಿದವನ ಜಾಗದಲ್ಲೇ ನಿಲ್ಲಬೇಕು, ಅವನ ಕೆಳಗಲ್ಲ ಅಂತ.

ಮೇಲಿನವರ ಋಣ ಬರೀ ಯುದ್ಧದ್ದಲ್ಲ. ಪ್ರಭು ಸತ್ತರೆ ಮಗ ಜಮೀನಿಗೆ ಬರಲು ರಾಜನಿಗೆ ಹಣ ಕಟ್ಟಬೇಕು. ರಾಜರು ಇದನ್ನು ಬಾಯಿಗೆ ಬಂದಷ್ಟು ಕೇಳತೊಡಗಿದ್ದಕ್ಕೇ ಪ್ರಭುಗಳು 1215ರ ಮ್ಯಾಗ್ನಾ ಕಾರ್ಟಾ ಅನ್ನುವ ಸನದಿನಲ್ಲಿ ಬ್ಯಾರನ್‌ಗೆ 100 ಪೌಂಡ್, ಸವಾರನ ಹಿಡುವಳಿಗೆ 100 ಶಿಲ್ಲಿಂಗ್ ಮೀರಬಾರದು ಅಂತ ಬರೆಸಿಕೊಂಡರು. ಮಗ ಚಿಕ್ಕವನಾದರೆ ಅವನು ದೊಡ್ಡವನಾಗುವ ತನಕ ಜಮೀನಿನ ಆದಾಯ ಮೇಲಿನವನಿಗೆ. ವಾರಸುದಾರರೇ ಇಲ್ಲದಿದ್ದರೆ ಜಮೀನು ವಾಪಸ್. ಮ್ಯಾಗ್ನಾ ಕಾರ್ಟಾ ಅಂದ ಕೂಡಲೇ ಸ್ವಾತಂತ್ರ್ಯದ ಸನದು ಅಂತ ಹೇಳುತ್ತಾರೆ, ಆದರೆ ತೆರೆದು ಓದಿ ನೋಡಿ, ಅದರಲ್ಲಿ ಎಷ್ಟೋ ಕಲಂಗಳು ಇಂಥ ಜಮೀನಿನ ತಕರಾರೇ.

ಇದಕ್ಕೆ ಹೋಲುವುದು ನಮ್ಮಲ್ಲಿ ಇರಲಿಲ್ಲವಾ ಅಂದರೆ, ಇತ್ತು. ವಿಜಯನಗರದ ಅಮರನಾಯಕರು ಹತ್ತಿರ ಬರುತ್ತಾರೆ. ಸೀಮೆಯ ಆದಾಯ ಅವರಿಗೆ, ಬದಲಿಗೆ ಇಷ್ಟು ಕಾಲಾಳು, ಇಷ್ಟು ಕುದುರೆ ಸಾಕಿ ಕರೆದಾಗ ತರಬೇಕು. ಅದಕ್ಕೂ ಹಿಂದಿನ ಶಾಸನಗಳಲ್ಲಿ ನೆತ್ತರುಗೊಡಗೆ ಇದೆ. ಅದು ಮಾತ್ರ ಬೇರೆ ಜಾತಿಯದು. ಕಾಳಗದಲ್ಲಿ ಸತ್ತವನ ಮನೆಯವರಿಗೆ ಬಿಟ್ಟ ಭೂಮಿ. ಅಲ್ಲಿ ಸೇವೆ ಆಗಲೇ ಮುಗಿದಿದೆ.

ಇನ್ನು ನಿಜವಾದ ವಿಷಯಕ್ಕೆ ಬರೋಣ. ಗೋಪುರದ ಚಿತ್ರದಲ್ಲಿ ತಳದಲ್ಲಿ ಒಂದು ಗೆರೆ ಎಳೆದು "ರೈತರು" ಅಂತ ಬರೆದು ಬಿಟ್ಟಿರುತ್ತಾರೆ. ನನಗೆ ಆ ಚಿತ್ರದ ಮೇಲೆ ಸಿಟ್ಟಿರುವುದು ಇದಕ್ಕೇ. ಎಲ್ಲ ನಡೆಯುತ್ತಿದ್ದುದೇ ಆ ಗೆರೆಯಲ್ಲಿ.

ಇಂಗ್ಲೆಂಡಿನ ಮಧ್ಯಭಾಗದ ಒಂದು ಹಳ್ಳಿ ಅಂದುಕೊಳ್ಳಿ. ಒಬ್ಬ ಒಡೆಯ, ಅವನ ದೊಡ್ಡ ಮನೆ, ಅವನಿಗೆ ಸೇರಿದ ವಹಿವಾಟು. ಇಷ್ಟೂ ಸೇರಿ ಮ್ಯಾನರ್. ಊರಿನ ಉಳುವ ಭೂಮಿ ಮೂರು ದೊಡ್ಡ ಬಯಲುಗಳಾಗಿ ಇರುತ್ತದೆ, ಒಂದೊಂದೂ ನೂರಾರು ಎಕರೆ. ಬೇಲಿ ಇಲ್ಲ, ಬದು ಕಾಣುವುದಿಲ್ಲ. ಒಂದು ಬಯಲಿಗೆ ಚಳಿಗಾಲಕ್ಕೆ ಮುಂಚೆ ಬಿತ್ತುವ ಗೋಧಿ ಅಥವಾ ರೈ. ಇನ್ನೊಂದಕ್ಕೆ ವಸಂತದಲ್ಲಿ ಬಾರ್ಲಿ, ಓಟ್ಸ್, ಬಟಾಣಿ, ಅವರೆ ಜಾತಿಯ ಕಾಳು. ಮೂರನೆಯದು ಆ ವರ್ಷ ಬೀಳು. ಅಲ್ಲಿ ಊರ ದನ ಕುರಿ ಮೇಯುತ್ತವೆ, ಗೊಬ್ಬರ ಹಾಕುತ್ತವೆ. ಮರುವರ್ಷ ಸರದಿ ಬದಲು. ಕೆಲವು ಊರಲ್ಲಿ ಎರಡೇ ಬಯಲು, ಅಲ್ಲಿ ಅರ್ಧಕ್ಕರ್ಧ ಬೀಳು.

ಈ ಬಯಲುಗಳನ್ನು ಉದ್ದುದ್ದ ಪಟ್ಟಿಗಳಾಗಿ ಸೀಳಿರುತ್ತಾರೆ. ಒಬ್ಬ ರೈತನ ಜಮೀನು ಒಂದೇ ಕಡೆ ಇರುವುದಿಲ್ಲ. ಇಲ್ಲೊಂದು ಪಟ್ಟಿ, ಅಲ್ಲೊಂದು ಪಟ್ಟಿ, ಮೂರೂ ಬಯಲಲ್ಲಿ ಚೆಲ್ಲಾಪಿಲ್ಲಿ. ಎಷ್ಟೋ ಊರಲ್ಲಿ ಒಡೆಯನ ಸ್ವಂತ ಸಾಗುವಳಿಯ ಭೂಮಿ ಕೂಡ ಹೀಗೆ ರೈತರ ಪಟ್ಟಿಗಳ ನಡುವೆಯೇ ಇರುತ್ತಿತ್ತು. ಯಾಕೆ ಹೀಗೆ ಅಂತ ಕೇಳಿದರೆ ಮಲೆನಾಡಿನವರಿಗೆ ವಿವರಿಸಬೇಕಾಗಿಲ್ಲ. ಪಾಲು ಮಾಡುವಾಗ ಮಜಲು ಗದ್ದೆ ಒಬ್ಬನಿಗೆ, ಮಕ್ಕಿ ಗದ್ದೆ ಇನ್ನೊಬ್ಬನಿಗೆ ಅಂತ ಕೊಟ್ಟರೆ ಜಗಳ ಬರುತ್ತದಲ್ಲ, ಅದಕ್ಕೆ ಎಲ್ಲರಿಗೂ ಎರಡರಲ್ಲೂ ತುಂಡು ತುಂಡು. ಒಳ್ಳೆ ಮಣ್ಣು, ಜೌಗು, ಕಲ್ಲು, ಎಲ್ಲರಿಗೂ ಸ್ವಲ್ಪ ಸ್ವಲ್ಪ. ಒಂದು ಮೂಲೆಯಲ್ಲಿ ಬೆಳೆ ಕೊಳೆತರೆ ಇನ್ನೊಂದು ಮೂಲೆ ಕೈ ಹಿಡಿಯುತ್ತದೆ.

ಪಟ್ಟಿ ಉದ್ದಕ್ಕೆ ಇರುವುದಕ್ಕೆ ಕಾರಣ ನೇಗಿಲು. ಅಲ್ಲಿನ ಒದ್ದೆ ಜೇಡಿ ಮಣ್ಣಿಗೆ ಭಾರದ ನೇಗಿಲು ಬೇಕು, ಅದಕ್ಕೆ ಲೆಕ್ಕದ ಪ್ರಕಾರ ಎಂಟು ಎತ್ತು. ಎರಡು ಎತ್ತು ತಿರುಗಿಸುವುದೇ ಗದ್ದೆ ಮೂಲೆಯಲ್ಲಿ ಎಷ್ಟು ಕಷ್ಟ ಅಂತ ಹೂಡಿದವರಿಗೆ ಗೊತ್ತು. ಎಂಟು ಎತ್ತನ್ನು ಪದೇ ಪದೇ ತಿರುಗಿಸಲು ಆಗುತ್ತಾ? ಅದಕ್ಕೆ ಸಾಲು ಉದ್ದ ಇರಬೇಕು. ಒಂದು ಸಾಲಿನ ಉದ್ದವೇ ಫರ್ಲಾಂಗ್, 220 ಗಜ. ನಮ್ಮ ಹಿರಿಯರು "ಬಸ್ ಸ್ಟಾಪಿನಿಂದ ಒಂದು ಫರ್ಲಾಂಗ್ ನಡೀಬೇಕು" ಅನ್ನುತ್ತಿದ್ದರಲ್ಲ, ಅದೇ. ಆ ಪದದ ಅರ್ಥವೇ ನೇಗಿಲ ಸಾಲಿನ ಉದ್ದ ಅಂತ. 220 ಗಜ ಉದ್ದ, 22 ಗಜ ಅಗಲ ಆದರೆ ಒಂದು ಎಕರೆ, ಆ ಎಂಟು ಎತ್ತಿನ ಜೋಡಣೆ ಒಂದು ದಿನ ಉಳುವಷ್ಟು ಅನ್ನುವ ಲೆಕ್ಕ. ಆ 22 ಗಜ ಅಂದರೆ 66 ಅಡಿ. ಅದರ ಅರ್ಧ 33 ಅಡಿ. 33 ಅಡಿ ಉದ್ದ 33 ಅಡಿ ಅಗಲ ಆದರೆ ನಮ್ಮ ಒಂದು ಗುಂಟೆ, ಅಂಥ 40 ಗುಂಟೆ ಸೇರಿದರೆ ಎಕರೆ. ನಿಮ್ಮ ಪಹಣಿಯಲ್ಲಿ ಎಕರೆ ಗುಂಟೆ ಅಂತ ಬರೆದಿರುವ ಅಳತೆ ಆ ಎತ್ತುಗಳ ಕಾಲಿನ ಅಳತೆಯಿಂದ ಬಂದದ್ದು. ನನಗಂತೂ ಇದು ಗೊತ್ತಾದ ದಿನ ಪಹಣಿ ತೆಗೆದು ಸುಮಾರು ಹೊತ್ತು ನೋಡುತ್ತಾ ಕೂತಿದ್ದೆ.

ತಿರುಗಿಸುವ ಕಷ್ಟದ ಗುರುತು ಈಗಲೂ ನೆಲದ ಮೇಲಿದೆ. ಸಾಲಿನ ತುದಿ ಬರುವ ಮುಂಚೆಯೇ ಎತ್ತುಗಳನ್ನು ನಿಧಾನಕ್ಕೆ ಒಂದು ಮಗ್ಗುಲಿಗೆ ಎಳೆಯುತ್ತಿದ್ದರು. ಹಾಗಾಗಿ ಪಟ್ಟಿಗಳು ನೆಟ್ಟಗೆ ಇರದೆ ಹಾವಿನ ಥರ ಲಘುವಾಗಿ ಬಳುಕಿವೆ. ಆಮೇಲೆ ಹುಲ್ಲುಗಾವಲಾದ ಕಡೆ, ಸಂಜೆ ಬಿಸಿಲು ಅಡ್ಡ ಬಿದ್ದಾಗ, ಆ ಏರಿಳಿತ ಎದ್ದು ಕಾಣುತ್ತದೆ.

ನಾಟಿಂಗ್‌ಹ್ಯಾಮ್‌ಶೈರ್‌ನ ಲ್ಯಾಕ್ಸ್‌ಟನ್ ಅನ್ನುವ ಹಳ್ಳಿಯಲ್ಲಿ ಮೂರು ಬಯಲಿನ ಸಾಗುವಳಿ ಇವತ್ತಿಗೂ ನಡೆಯುತ್ತಿದೆ. ಟ್ರ್ಯಾಕ್ಟರ್ ಬಂದಿದೆ, ಸರದಿ ಹಾಗೇ ಇದೆ. ಒಂದು ನವೆಂಬರ್ ಕೊನೆಗೆ ನಾನು ಅಲ್ಲಿಗೆ ಹೋಗಿದ್ದೆ. ಆ ವೇಳೆಗೆ ಊರಿನ ರೈತರಲ್ಲೇ ಕೆಲವರು ಪಂಚರಾಗಿ, ಹೊಸದಾಗಿ ಬಿತ್ತಿದ ಬಯಲನ್ನು ನಡೆದು ನೋಡುತ್ತಾರೆ. ಯಾರಾದರೂ ದಾರಿಯನ್ನೋ ಊರ ಹುಲ್ಲಿನ ಅಂಚನ್ನೋ ಒತ್ತಿ ಉತ್ತಿದ್ದಾರಾ ಅಂತ. ಒತ್ತಿದ್ದರೆ ಗೂಟ ಹೊಡೆದು ಗಡಿ ತೋರಿಸುತ್ತಾರೆ. ಆಮೇಲೆ ಊರ ಪಬ್ಬಿನಲ್ಲಿ ಕೋರ್ಟು ಸೇರಿ ದಂಡ ಹಾಕುತ್ತದೆ. ಚಳಿ, ಬೂಟಿಗೆ ಅಂಟಿದ ಮಣ್ಣು ಒಂದು ಕೆಜಿ ಇತ್ತೇನೋ. ನಮ್ಮೂರಲ್ಲಿ ಬದು ಒತ್ತಿದ ಜಗಳ ಬಿಡಿಸಲು ನಾಲ್ಕು ಜನ ಹಿರಿಯರು ಹಗ್ಗ ಹಿಡಿದು ನಿಲ್ಲುವುದೇ ಕಣ್ಣ ಮುಂದೆ ಬಂತು.

ಈಗ ಈ ಪಟ್ಟಿಗಳನ್ನು ಹಿಡಿದ ರೈತ ಯಾರು ಅಂತ ನೋಡೋಣ. ಕೆಲವರು ಸ್ವತಂತ್ರ ರೈತರು, ಹಣದ ಬಾಡಿಗೆ ಕೊಟ್ಟು ತಮ್ಮ ಪಾಡಿಗಿರುವವರು. ಡೂಮ್ಸ್‌ಡೇ ಕಾಲಕ್ಕೆ ಹತ್ತರಲ್ಲಿ ಒಬ್ಬರು ಗುಲಾಮರೇ ಇದ್ದರು, ಮುಂದಿನ ನೂರು ವರ್ಷದ ಆಸುಪಾಸಿನಲ್ಲಿ ಆ ವರ್ಗ ಕರಗಿಹೋಯಿತು. ಆ ಪುಸ್ತಕದಲ್ಲಿ ಹತ್ತರಲ್ಲಿ ನಾಲ್ಕು ಮಂದಿಯನ್ನು "ವಿಲ್ಲಾನಿ" ಅಂತ ಬರೆದಿದ್ದಾರೆ, ಹಳ್ಳಿಯವರು ಅಂತ ಅರ್ಥ. ಮುಂದೆ ಇದೇ ವಿಲೆನ್ ಆಯಿತು, ಕಾನೂನಿನಲ್ಲಿ ಬಿಡುಗಡೆ ಇಲ್ಲದ ರೈತ ಅನ್ನುವ ಅರ್ಥ ಪಡೆಯಿತು. ಆಮೇಲೆ ದೊಡ್ಡವರ ಬಾಯಲ್ಲಿ ಅದು ಬೈಗುಳವಾಗಿ, ನಮ್ಮ ಸಿನಿಮಾದ ವಿಲನ್ ತನಕ ಬಂದಿದೆ. ಬೆಳಗಿನಿಂದ ಹೊಲದಲ್ಲಿ ದುಡಿದವನ ಹೆಸರು ಕೇಡಿಗನ ಹೆಸರಾಗಿದ್ದು ನನಗೆ ಈಗಲೂ ಚುಚ್ಚುತ್ತದೆ. ಅದೇ ಹೊತ್ತಿಗೆ ಲಾರ್ಡ್ ಅನ್ನುವ ಪದದ ಮೂಲ ಅರ್ಥ ನೋಡಿ: ರೊಟ್ಟಿ ಕಾಯುವವನು.

ವಿಲೆನ್ ಮನೆಯೊಂದಕ್ಕೆ ಪೂರ್ತಿ ಹಿಡುವಳಿ ಅಂದರೆ ಸುಮಾರು 30 ಎಕರೆ. ಅಷ್ಟು ಇದ್ದವರು ಊರಿನ ಗಟ್ಟಿ ಕುಳ. ಬಹಳ ಮನೆಗಳಿಗೆ ಅರ್ಧ, ಅಂದರೆ 15 ಎಕರೆ. ಗುಡಿಸಲಿನ ಬಡವರಿಗೆ ಐದು ಎಕರೆಯೊಳಗೆ, ಅವರು ಕೂಲಿಗೆ ಹೋಗದೆ ಬದುಕುವ ಹಾಗೇ ಇರಲಿಲ್ಲ.

15 ಎಕರೆ ಅಂದರೆ ಜಾಸ್ತಿ ಆಯಿತಲ್ಲ ಅನಿಸಬಹುದು. ಲೆಕ್ಕ ಹಾಕಿ ನೋಡೋಣ. ಮೂರರಲ್ಲಿ ಒಂದು ಪಾಲು ಬೀಳು, ಐದು ಎಕರೆ ಹೋಯಿತು. ಐದು ಎಕರೆ ವಸಂತದ ಬೆಳೆ, ಅದು ಗಂಜಿಗೆ, ಬಿಯರಿಗೆ, ದನಕ್ಕೆ. ಐದು ಎಕರೆ ಗೋಧಿ. ಆಗ ಒಂದು ಸೇರು ಬಿತ್ತಿದರೆ ಸಿಗುತ್ತಿದ್ದುದು ನಾಲ್ಕು ಸೇರು. ಇದು ಸುಮ್ನೆ ಊಹೆ ಅಲ್ಲ, ವಿಂಚೆಸ್ಟರ್ ಬಿಷಪ್ಪರ ಜಮೀನಿನ ಲೆಕ್ಕದ ಸುರುಳಿಗಳು 1208ರಿಂದ ಉಳಿದಿವೆ, ಗೋಧಿಯ ಇಳುವರಿ ಅಲ್ಲೆಲ್ಲ ಹೆಚ್ಚುಕಮ್ಮಿ ಇಷ್ಟೇ. ಎಕರೆಗೆ ಎರಡು ಬುಷೆಲ್ ಬಿತ್ತಿದರೆ ಎಂಟು ಬುಷೆಲ್. ಬುಷೆಲ್ ಅಂದರೆ ಅಂದಾಜು 25 ಕೆಜಿ ಅಂತಿಟ್ಟುಕೊಳ್ಳಿ. ಐದು ಎಕರೆಗೆ 40 ಬುಷೆಲ್ ಬಂತು. ಅದರಲ್ಲಿ ಹತ್ತನೇ ಒಂದು ಪಾಲು, ನಾಲ್ಕು ಬುಷೆಲ್, ಹೊಲದಲ್ಲೇ ಚರ್ಚಿಗೆ. ಮುಂದಿನ ಬಿತ್ತನೆಗೆ ಹತ್ತು ಬುಷೆಲ್ ಎತ್ತಿಡಬೇಕು. ಉಳಿದದ್ದು 26 ಬುಷೆಲ್, ಆರೂವರೆ ಕ್ವಿಂಟಲ್. ಇದನ್ನು ಬೀಸಲು ಒಡೆಯನ ಗಿರಣಿಗೇ ಹೋಗಬೇಕು, ಅಲ್ಲಿ ಒಂದು ಪಾಲು ಮುರಿದುಕೊಳ್ಳುತ್ತಾರೆ. ಮನೆಯಲ್ಲಿ ಬೀಸುಕಲ್ಲು ಸಿಕ್ಕಿದರೆ ದಂಡ. ಮಿಕ್ಕ ಗೋಧಿಯನ್ನೂ ಎಲ್ಲ ತಿನ್ನುವ ಹಾಗಿಲ್ಲ, ಹಣದ ಬಾಡಿಗೆ ಕಟ್ಟಲು ಸ್ವಲ್ಪ ಮಾರಬೇಕು. ಐದು ಜನರ ಮನೆಗೆ ಇಷ್ಟರಲ್ಲಿ ವರ್ಷ ತೆಗೆಯಬೇಕು. ಒಂದು ವರ್ಷ ಮಳೆ ಜಾಸ್ತಿ ಬಿದ್ದು ನಾಲ್ಕು ಸೇರು ಬರುವ ಕಡೆ ಮೂರು ಬಂದರೆ ಏನಾಗುತ್ತದೆ ಅಂತ ನೀವೇ ಲೆಕ್ಕ ಹಾಕಿ.

ಇಷ್ಟರ ಮೇಲೆ ಬಿಟ್ಟಿ ಚಾಕರಿ. ವಿಲೆನ್ ಹಿಡುವಳಿಗೆ ಮುಖ್ಯ ಬೆಲೆ ಇದೇ. ಎಷ್ಟೋ ಊರಲ್ಲಿ ವಾರಕ್ಕೆ ಎರಡು ಮೂರು ದಿನ ಒಡೆಯನ ಹೊಲದಲ್ಲಿ ದುಡಿಯಬೇಕು: ಉಳುವುದು, ಕಳೆ ಕೀಳುವುದು, ಒಕ್ಕುವುದು, ಗಾಡಿ ಹೊಡೆಯುವುದು. ಮನೆಗೊಂದು ಆಳು ಅನ್ನುವ ಲೆಕ್ಕ, ಅಪ್ಪನೇ ಹೋಗಬೇಕೆಂದಿಲ್ಲ, ಮಗನನ್ನೋ ಆಳನ್ನೋ ಕಳಿಸಬಹುದು. "ಒಂದು ದಿನ" ಅಂದರೆ ಎಷ್ಟು ಅನ್ನುವುದೂ ನಿಗದಿ. ಇಷ್ಟು ಬುಷೆಲ್ ಒಕ್ಕಿದರೆ ದಿನ ಮುಗಿಯಿತು, ಎಷ್ಟೋ ಸಲ ಮಧ್ಯಾಹ್ನಕ್ಕೇ ಬಿಡುಗಡೆ. ಸುಗ್ಗಿಯಲ್ಲಿ ಮಾತ್ರ ಹೆಚ್ಚುವರಿ ಕೊಯ್ಲಿಗೆ ಇಡೀ ಮನೆ ಬರಬೇಕು. ತನ್ನ ಹೊಲದ ಪೈರು ಉದುರುತ್ತಿರುವಾಗ ಒಡೆಯನ ಹೊಲ ಕೊಯ್ಯಬೇಕು. ಹೊಟ್ಟೆ ಉರಿಯುವ ವಿಷಯ ಇದೇ. ಆ ದಿನಗಳಲ್ಲಿ ಊಟ ಒಡೆಯನದು. ರೊಟ್ಟಿ, ಚೀಸ್, ಮೀನೋ ಮಾಂಸವೋ. ಬಿಯರ್ ಕೊಡುವ ದಿನಕ್ಕೆ ಒದ್ದೆ ಕೊಯ್ಲು, ಕೊಡದ ದಿನಕ್ಕೆ ಒಣ ಕೊಯ್ಲು ಅಂತ ಹೆಸರು.

ಸಣ್ಣ ಪುಟ್ಟ ಕಾಣಿಕೆಗಳೂ ಇದ್ದವು. ಕ್ರಿಸ್‌ಮಸ್‌ಗೆ ಕೋಳಿ, ಈಸ್ಟರ್‌ಗೆ ಮೊಟ್ಟೆ. ನಮ್ಮ ಕುಂದಾಪುರದ ಕಡೆ ಹಬ್ಬಕ್ಕೆ ಧಣಿಗಳ ಮನೆಗೆ ಬಾಳೆಗೊನೆ, ಸೌತೆಕಾಯಿ ಹೊತ್ತುಕೊಂಡು ಹೋಗುತ್ತಿದ್ದರಲ್ಲ, ಥೇಟ್ ಹಾಗೆ. ಮಗಳ ಮದುವೆಗೆ ಒಡೆಯನಿಗೆ ದುಡ್ಡು ಕಟ್ಟಿ ಒಪ್ಪಿಗೆ ಪಡೆಯಬೇಕು. ಊರಾಚೆ ಹೋಗಿ ಇರಬೇಕೆಂದರೆ ವರ್ಷಕ್ಕೆ ಇಷ್ಟು ಅಂತ ಕಟ್ಟಬೇಕು. ಮನೆ ಯಜಮಾನ ಸತ್ತರೆ ಕೊಟ್ಟಿಗೆಯ ಅತಿ ಒಳ್ಳೆಯ ದನ ಒಡೆಯನಿಗೆ. ಸಾವಿನ ಮನೆಯಿಂದ ಎತ್ತು ಹೊಡೆದುಕೊಂಡು ಹೋಗುವುದನ್ನು ಒಮ್ಮೆ ಕಣ್ಣ ಮುಂದೆ ತಂದುಕೊಳ್ಳಿ. ಎಂಟು ಎತ್ತಿನ ಜೋಡಣೆಯಲ್ಲಿ ಆ ಮನೆಯ ಪಾಲು ಎರಡೇ ಇದ್ದಿರಬಹುದು.

ಆದರೂ, ಅದೇ ದಿನ ಅದೇ ಮನೆಯ ಮಗ ಆ ಜಮೀನಿಗೆ ಬರುತ್ತಿದ್ದ. ನಾನು ಹೇಳಬೇಕೆಂದಿರುವ ಮುಖ್ಯ ಮಾತು ಇಲ್ಲಿದೆ.

ರಾಜನ ಕೋರ್ಟಿನ ಕಾನೂನಿನಲ್ಲಿ ವಿಲೆನ್‌ಗೆ ಏನೂ ಹಕ್ಕಿಲ್ಲ. ಜಮೀನಿನ ವಿಷಯಕ್ಕೆ ಅವನು ಒಡೆಯನ ಮೇಲೆ ಅಲ್ಲಿ ದಾವೆ ಹೂಡುವ ಹಾಗಿಲ್ಲ. ಅವನ ಮಡಕೆ ಕುಡಿಕೆ ಕೂಡ ಕಾನೂನಿನ ಪ್ರಕಾರ ಒಡೆಯನದೇ. ಇಷ್ಟನ್ನೇ ಓದಿದವರು "ಜೀತ" ಅಂತ ಬರೆದು ಮುಗಿಸುತ್ತಾರೆ. ಆದರೆ ಅವನ ದಿನನಿತ್ಯದ ಬದುಕು ನಡೆಯುತ್ತಿದ್ದುದು ಮ್ಯಾನರಿನ ಕೋರ್ಟಿನಲ್ಲಿ. ಕೆಲವು ವಾರಕ್ಕೊಮ್ಮೆ ಸೇರುವ ಊರ ಪಂಚಾಯ್ತಿ ಅನ್ನಿ. ಪೀಠದಲ್ಲಿ ಒಡೆಯನ ಪಾರುಪತ್ಯಗಾರ ಕೂರುತ್ತಾನೆ, ಸರಿ. ಆದರೆ ಊರ ಪದ್ಧತಿ ಏನು ಅಂತ ಹೇಳುವವರು ಊರಿನ ರೈತರೇ, ಅವರಲ್ಲಿ ಬಹಳ ಮಂದಿ ವಿಲೆನ್‌ಗಳೇ. ಈ ಪಟ್ಟಿ ಯಾರ ಅಪ್ಪನದು, ವಿಧವೆಗೆ ಎಷ್ಟು ಪಾಲು, ಹಿರಿಯ ಮಗನಿಗೋ ಕಿರಿಯ ಮಗನಿಗೋ, ಇವೆಲ್ಲ ಅವರ ಬಾಯಲ್ಲಿ ತೀರ್ಮಾನ. ಅದನ್ನು ಗುಮಾಸ್ತ ಚರ್ಮದ ಸುರುಳಿಯ ಮೇಲೆ ಲ್ಯಾಟಿನ್‌ನಲ್ಲಿ ಬರೆಯುತ್ತಾನೆ. ಹೊಲದ ಮೇಲ್ವಿಚಾರಣೆಗೆ ರೀವ್ ಅಂತ ಒಬ್ಬ ಇರುತ್ತಿದ್ದ, ಅವನೂ ವಿಲೆನ್, ಬಹಳ ಕಡೆ ಅವನನ್ನು ರೈತರೇ ಆರಿಸುತ್ತಿದ್ದರು. ಬಿಟ್ಟಿಗೆ ಯಾರು ಬಂದರು ಬರಲಿಲ್ಲ, ಎಷ್ಟು ಗೋಧಿ ಕಣಜಕ್ಕೆ ಹೋಯಿತು, ಎಲ್ಲದಕ್ಕೂ ಅವನೇ ಹೊಣೆ. ಸೆಪ್ಟೆಂಬರ್ 29ಕ್ಕೆ ವರ್ಷದ ಲೆಕ್ಕ ಒಪ್ಪಿಸಬೇಕು, ಕಡಿಮೆ ಬಿದ್ದರೆ ಕೈಯಿಂದ ಕಟ್ಟಬೇಕು.

ಹೀಗಾಗಿ ಚಾಕರಿ ಮಾಡುತ್ತಾ, ಕೊಡಬೇಕಾದ್ದನ್ನು ಕೊಡುತ್ತಾ ಇರುವ ತನಕ ಅವನನ್ನು ಎಬ್ಬಿಸುವುದು ಪದ್ಧತಿಗೆ ವಿರುದ್ಧ. ಒಡೆಯನಿಗೂ ಬೇಕಾದ್ದು ಬರೀ ನೆಲ ಅಲ್ಲ, ನೆಲದ ಜೊತೆ ಎತ್ತು, ಆಳು. ನಿಮ್ಮ ಮೂರನೇ ಪ್ರಶ್ನೆಗೆ ಉತ್ತರ ಇದು: ಕೋಪ ಬಂತು ಅಂತ ಎಬ್ಬಿಸುವುದು ಅಪರೂಪ. ದಂಡ ಹಾಕುತ್ತಿದ್ದರು, ಪದೇ ಪದೇ ಹಾಕುತ್ತಿದ್ದರು. ಸುಗ್ಗಿಗೆ ಬರಲಿಲ್ಲ ಅಂತ ಎರಡು ಪೆನ್ಸ್, ದನ ಬೆಳೆಗೆ ಬಿಟ್ಟ ಅಂತ ಒಂದು ಪೆನ್ನಿ. ಆಗಿನ ಒಂದು ದಿನದ ಕೂಲಿ ಒಂದೆರಡು ಪೆನ್ಸ್ ಅಷ್ಟೇ, ಹಾಗಾಗಿ ಅದು ಸಣ್ಣದೇನಲ್ಲ. ಒಡೆಯರು ಒಳ್ಳೆಯವರಿದ್ದರು ಅಂತ ನಾನು ಹೇಳುತ್ತಿಲ್ಲ. 1300ರ ಹೊತ್ತಿಗೆ ಜನ ಹೆಚ್ಚಾಗಿ ನೆಲಕ್ಕೆ ಬೇಡಿಕೆ ಏರಿದಾಗ, ಹೊಸದಾಗಿ ಹಿಡುವಳಿಗೆ ಬರುವವರಿಂದ ಹಿಂಡಿ ಹಿಂಡಿ ಹಣ ವಸೂಲಿ ಮಾಡಿದರು. ಆದರೂ ಪದ್ಧತಿ ಅನ್ನುವ ಗೋಡೆ ಒಂದಿತ್ತು, ಅದಕ್ಕೆ ಒರಗಿ ರೈತ ನಿಲ್ಲಬಹುದಿತ್ತು.

ಈಗ ಗೇಣಿಗೆ ಬರೋಣ. ಕರಾವಳಿಯಲ್ಲಿ ಎರಡು ಬಗೆ ಇತ್ತು. ಮೂಲಗೇಣಿ ಅಂದರೆ ಕಾಯಂ, ಗೇಣಿ ಏರಿಸುವ ಹಾಗಿಲ್ಲ, ಒಕ್ಕಲನ್ನು ಬಿಡಿಸುವ ಹಾಗಿಲ್ಲ. ಚಾಲಗೇಣಿ ಅಂದರೆ ಧಣಿಗಳ ಮನಸ್ಸು ಇರುವ ತನಕ. ಹೆಚ್ಚಿನವರು ಇದ್ದದ್ದು ಎರಡನೆಯದರಲ್ಲಿ. ನಮ್ಮ ಅಜ್ಜನೂ ಚಾಲಗೇಣಿ ಒಕ್ಕಲು. ಹುಲ್ಲಿನ ಮುಡಿ ಕಟ್ಟಿ ಗೇಣಿ ಅಕ್ಕಿ ತಲುಪಿಸುತ್ತಿದ್ದರು. ಒಂದು ವರ್ಷ ಮಳೆ ಕೈಕೊಟ್ಟು ಎರಡು ಮುಡಿ ಬಾಕಿ ಉಳಿಯಿತು. ಮುಂದಿನ ಏಣಿಲಿಗೆ, ಅಂದರೆ ಮಳೆಗಾಲದ ಬೆಳೆಗೆ, ಮೇಲಿನ ಗದ್ದೆ ಬೇರೆಯವರಿಗೆ ಹೋಯಿತು. ಅಜ್ಜ ಎರಡು ದಶಕ ಉತ್ತ ಗದ್ದೆ ಅದು, ಬದುವಿನ ಕಲ್ಲು ಅವರೇ ಕಟ್ಟಿದ್ದು. ಅವರನ್ನು ಯಾರೂ ಕಟ್ಟಿಹಾಕಿರಲಿಲ್ಲ, ಬೊಂಬಾಯಿಗೆ ಹೋಟೆಲ್ ಕೆಲಸಕ್ಕೆ ಹೋಗಲು ಯಾರ ಅಪ್ಪಣೆಯೂ ಬೇಕಿರಲಿಲ್ಲ. ಆದರೆ ನಿಲ್ಲುತ್ತೇನೆ ಅಂದರೆ ನಿಲ್ಲಲು ಹಕ್ಕಿರಲಿಲ್ಲ. ಹಾಗಾಗಿ ಗೇಣಿಯೂ ಊಳಿಗಮಾನ್ಯವೂ ಒಂದೇ ಅಂದರೆ ಒಪ್ಪುವುದು ಕಷ್ಟ. ಕಾಣಿಕೆ, ಬಿಟ್ಟಿ, ತಲೆ ತಗ್ಗಿಸಿ ನಿಲ್ಲುವುದು, ಇದೆಲ್ಲ ಒಂದೇ ಥರ. ಹಿಡುವಳಿಯ ಗಟ್ಟಿತನ ಮಾತ್ರ ಬೇರೆ ಬೇರೆ. ನಮ್ಮಲ್ಲೂ ಅಳತೆಯಲ್ಲಿ ಮೋಸ ಆದಾಗ ಜನ ಎದ್ದು ನಿಂತರು: ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಸತ್ಯಾಗ್ರಹಕ್ಕೆ ಕಿಡಿ ಹೊತ್ತಿದ್ದು ಗೇಣಿ ಭತ್ತ ಅಳೆಯುವ ಕೊಳಗದ ಅಳತೆಯಿಂದ.

ಇಂಗ್ಲೆಂಡಿನಲ್ಲಿ ಈ ವ್ಯವಸ್ಥೆ ಮುರಿದದ್ದು ಸಾವಿನಿಂದ. 1348-49ರ ಪ್ಲೇಗಿನಲ್ಲಿ ಮೂರನೇ ಒಂದರಿಂದ ಅರ್ಧದಷ್ಟು ಜನ ಸತ್ತರು. ಕೋರ್ಟಿನ ಸುರುಳಿಗಳಲ್ಲಿ ಆ ವರ್ಷ ಸತ್ತವರ ಹೆಸರು, ಅವರ ಮನೆಯಿಂದ ತಂದ ದನ, ಸತ್ತವರ ಹೆಸರು, ದನ, ಇದೇ. ಉಳಿದವರ ದುಡಿಮೆಗೆ ಒಮ್ಮೆಲೇ ಬೆಲೆ ಬಂತು. ಒಡೆಯರು 1351ರಲ್ಲಿ ಕೂಲಿ ಹಳೇ ದರ ಮೀರಬಾರದು ಅಂತ ಕಾನೂನು ತಂದರು. ಜನ ರಾತ್ರೋರಾತ್ರಿ ಮುಂದಿನ ಊರಿಗೆ ಹೋದರು, ಅಲ್ಲಿಯ ಒಡೆಯ ಯಾರು ಎತ್ತ ಅಂತ ಕೇಳದೆ ಜಮೀನು ಕೊಟ್ಟ. 1381ರಲ್ಲಿ ತಲೆಗಂದಾಯದ ನೆಪದಲ್ಲಿ ದಂಗೆಯೇ ಎದ್ದಿತು. ಜೂನ್ 14ರಂದು ಲಂಡನ್ ಪಕ್ಕದ ಮೈಲ್ ಎಂಡ್‌ನಲ್ಲಿ 14 ವರ್ಷದ ರಾಜ ಎರಡನೇ ರಿಚರ್ಡ್ ಎದುರು ರೈತರು ಕೇಳಿದ್ದರಲ್ಲಿ ಎರಡು ಸರಳ ವಿಷಯ ಇದ್ದವು: ಜೀತ ರದ್ದಾಗಬೇಕು, ಬಾಡಿಗೆ ಎಕರೆಗೆ ನಾಲ್ಕು ಪೆನ್ಸ್ ಆಗಬೇಕು. ರಾಜ ಒಪ್ಪಿದ. ಮರುದಿನ ಅವರ ಮುಂದಾಳು ವಾಟ್ ಟೈಲರ್‌ನನ್ನು ಕೊಂದರು, ಕೊಟ್ಟ ಮಾತನ್ನು ಆಮೇಲೆ ವಾಪಸ್ ತೆಗೆದುಕೊಂಡರು.

ಆ ದಂಗೆಯಲ್ಲಿ ರೈತರು ಊರೂರಲ್ಲಿ ಕೋರ್ಟಿನ ಸುರುಳಿಗಳನ್ನು ಹುಡುಕಿ ಹುಡುಕಿ ಸುಟ್ಟರು. ತಮ್ಮನ್ನು ವಿಲೆನ್ ಅಂತ ಬರೆದಿಟ್ಟ ದಾಖಲೆ ಅದೇ ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು. ಮುಂದಿನ ನೂರು ವರ್ಷದಲ್ಲಿ ಬಿಟ್ಟಿ ಚಾಕರಿ ಹಣದ ಬಾಡಿಗೆಯಾಗಿ ಕರಗಿತು. ಆಗ ಅದೇ ಸುರುಳಿಯ ಒಂದು ನಕಲನ್ನು ರೈತನ ಕೈಗೆ ಕೊಡುವ ಪದ್ಧತಿ ಬಂತು. ನಿನ್ನ ಅಪ್ಪನ ಹಿಡುವಳಿ ನಿನಗೆ ಬಂದಿದೆ, ಇದು ಅದರ ನಕಲು ಅಂತ. ಕಾಪಿಹೋಲ್ಡ್ ಅನ್ನುವ ಹೆಸರು ಬಂದಿದ್ದೇ ಹಾಗೆ. ಕೊನೆಗೆ ರಾಜನ ಕೋರ್ಟುಗಳೂ ಆ ಚೀಟಿಯನ್ನು ಒಪ್ಪಿದವು. ವಿಲೆನ್ ಹಿಡುವಳಿಯ ಮೊಮ್ಮಗುವಾದ ಈ ಕಾಪಿಹೋಲ್ಡ್ ಪೂರ್ತಿ ಮುಗಿದದ್ದು 1926ರಲ್ಲಿ. ನೆಲವೆಲ್ಲ ಅಂತಿಮವಾಗಿ ಅರಸೊತ್ತಿಗೆಯಿಂದ ಹಿಡಿದದ್ದು ಅನ್ನುವ ತತ್ವ ಮಾತ್ರ ಅಲ್ಲಿನ ಕಾನೂನಿನಲ್ಲಿ ಈಗಲೂ ಇದೆ.

ನಮ್ಮಲ್ಲಿ ಆ ಚೀಟಿ ಇರಲಿಲ್ಲ, ಕಷ್ಟ ಆದದ್ದು ಅಲ್ಲೇ. ದೇವರಾಜ ಅರಸು ಕಾಲದ ಭೂಸುಧಾರಣೆ ಕಾಯ್ದೆಯ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದು, ಗೇಣಿ ಜಮೀನು ಸರ್ಕಾರಕ್ಕೆ ಸೇರಿ, ಉಳುವವರು ಫಾರಂ 7 ಹಾಕಿ ಹಕ್ಕು ಕೇಳಬಹುದು ಅಂತಾಯಿತು. ಆ ದಿನಕ್ಕೆ ತಾವೇ ಉಳುತ್ತಿದ್ದೆವು ಅಂತ ಭೂ ನ್ಯಾಯಮಂಡಳಿಗೆ ತೋರಿಸಬೇಕಿತ್ತು. ಪಹಣಿಯಲ್ಲಿ 9ನೇ ಕಾಲಂ ಸ್ವಾಧೀನದಾರರದು, 12ನೇ ಕಾಲಂ ಸಾಗುವಳಿಯದು. ನಿಮ್ಮ ಮನೆಯಲ್ಲಿ ಆ ಕಾಲದ ಪಹಣಿ ಇದ್ದರೆ ತೆಗೆದು ನೋಡಿ, ಎರಡೂ ಕಾಲಂನಲ್ಲಿ ಬೇರೆ ಬೇರೆ ಹೆಸರಿದ್ದರೆ ಒಂದೇ ಹೊಲಕ್ಕೆ ಇಬ್ಬರ ಹಿಡಿತ ಅಂದರೆ ಏನು ಅಂತ ನನ್ನ ಇಡೀ ಉತ್ತರಕ್ಕಿಂತ ಚೆನ್ನಾಗಿ ತಿಳಿಯುತ್ತದೆ. ಅಜ್ಜನ ಹೆಸರು 12ರಲ್ಲೂ ಇರಲಿಲ್ಲ. ಗೇಣಿ ಕೊಟ್ಟದ್ದಕ್ಕೆ ರಶೀದಿ ಅಂತ ಒಂದು ಚೂರು ಕಾಗದ ಇರಲಿಲ್ಲ, ಎಲ್ಲ ಬಾಯಿ ಮಾತು. ನೆರೆಯ ಗದ್ದೆಯ ಇಬ್ಬರು ಬಂದು, ನಾವು ಮುಯ್ಯಾಳಿಗೆ, ಅಂದರೆ ಆಳಿಗೆ ಬದಲು ಆಳಾಗಿ, ಹೋಗಿ ಇವರ ನೇಜಿ ಸಸಿ ನೆಟ್ಟಿದ್ದೇವೆ, ಗದ್ದೆ ಇವರೇ ಉಳುವುದು ಅಂತ ಹೇಳಿದರು. ಮಂಡಳಿ ಒಪ್ಪಿತು. ಕೆಳಗಿನ ಗದ್ದೆ ಒಂದು ಎಕರೆ ಆರು ಗುಂಟೆ ಅಜ್ಜನ ಹೆಸರಿಗೆ ಬಂತು. ಮೇಲಿನ ಗದ್ದೆಯನ್ನು ಆ ಹೊತ್ತಿಗೆ ಬೇರೆಯವರು ಉಳುತ್ತಿದ್ದರು, ಅದು ಅವರ ಹೆಸರಿಗೆ ಹೋಯಿತು.